ಅಂಗೈಗೆ ತಣ್ಣಗಿದ್ದ ತೊಲೆ

ಅಕ್ಟೋಬರ್ 6

ಮಗಳಿಗೆ,

ಹಿಟ್ಟಿನ ಕೈ ತೊಳೆದುಕೊಂಡು ಬರೆಯಲು ಕೂತಿದ್ದೇನೆ. ಓದುತ್ತಾ ನಗಬೇಡ. ಕೆಟ್ಟ ಕನಸು ಬಿತ್ತು. ಮೀನಿನ ಅಂಗಡಿಯ ಕಲ್ಲುಕಟ್ಟೆಯ ಮೇಲೆ, ಮಂಜುಗಡ್ಡೆ ಹರಡಿದ ಜಾಗದಲ್ಲಿ, ನಿನ್ನ ಮಗಳು, ನಮ್ಮ ಮೆಣಸು ಮಲಗಿದ್ದಾಳೆ. ನಿದ್ದೆಯೋ ಇನ್ನೇನೋ ತಿಳಿಯುತ್ತಿಲ್ಲ. ಎತ್ತಿಕೊಳ್ಳೋಣವೆಂದರೆ ಕಾಲು ಏಳುತ್ತಿಲ್ಲ. ಮೀನಿನವನು ಬೇರೆ, ಹಿಂದೆ ಜನ ಕಾಯ್ತಿದ್ದಾರೆ, ಬೇಗ ಹೇಳಿ ಅಜ್ಜ ಎನ್ನುತ್ತಿದ್ದಾನೆ. ಎಚ್ಚರವಾದ ತಕ್ಷಣ ಮಗುವಿನ ಹಣೆ ಮುಟ್ಟಿದೆ. ಬೆಚ್ಚಗೇ ಇತ್ತು. ಆಮೇಲೆ ನೆಲ ಮುಟ್ಟಿದೆ ನೋಡು.

ನೆಲ ತಣ್ಣಗಾಗಿದೆ ಮಗಳೇ.

ನೀನು ಮರ ಒಣಗಿಸುವ ಕಾರ್ಖಾನೆಗೆ ತರಬೇತಿಗೆಂದು ಹೊರಟಾಗ, ಅಳಿಯಂದಿರು ಹಡಗಿನಿಂದ ಇಳಿಯುವುದು ಇನ್ನೂ ದೂರವಿದ್ದಾಗ, ಮಗುವನ್ನು ನನ್ನ ಹತ್ತಿರ ಬಿಟ್ಟದ್ದೇ ಈ ಕೋಣೆಯ ಕಾರಣಕ್ಕೆ. ಕೆಳಗೆ ಬೇಕರಿಯ ಭಟ್ಟಿ ಉರಿಯುತ್ತದೆ, ಚಳಿಯಲ್ಲೂ ನೆಲ ಬೆಚ್ಚಗಿರುತ್ತದೆ, ಅವಳ ಎದೆಗೆ ಒಳ್ಳೆಯದು ಎಂದು ನೀನೇ ಹೇಳಿದ್ದೆ. ಹೋದ ಚಳಿಗಾಲದಲ್ಲಿ ಅವಳಿಗೆ ಕಫ ಕಟ್ಟಿ, ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಸಿಕ್ಕಿಸಿ ಮಲಗಿಸಿದ್ದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ಆ ಗೊರಗೊರ ಸದ್ದು ಈಗಲೂ ಕಿವಿಯಲ್ಲಿದೆ. ಬೆಕ್ಕು ಗುರುಗುಟ್ಟಿದರೂ ಎದ್ದು ಕೂರುತ್ತೇನೆ.

ಭಟ್ಟಿಯ ಕಬ್ಬಿಣದ ಹೊಗೆ ಕೊಳವೆ ನಮ್ಮ ನೆಲದ ಹಲಗೆಗಳನ್ನು ತೂರಿ, ಮೂಲೆಯಲ್ಲಿ ನೆಟ್ಟಗೆ ನಿಂತು ಚಾವಣಿ ದಾಟುತ್ತದೆಯಲ್ಲ, ಅದರ ಮಗ್ಗುಲಲ್ಲೇ, ನೆಲದ ಹಲಗೆಗಳ ನಡುವೆ ನೆತ್ತಿ ಮಾತ್ರ ಕಾಣುವಂತೆ, ದೊಡ್ಡ ತೊಲೆ ಹಾದುಹೋಗಿದೆ. ನನಗೆ ಕೆಲಸ ಕಲಿಸಿದ ಹಿರಿಯರು ಭಟ್ಟಿ ಒಪ್ಪಿಸುವಾಗ ಹೇಳಿಕೊಟ್ಟದ್ದು ಆ ತೊಲೆಯ ವಿಚಾರ. ಬೆಂಕಿ ತಗ್ಗಿಸಿದ ಮೇಲೆ ಮಹಡಿಗೆ ಹೋಗಿ ತೊಲೆಯ ಮೇಲೆ ಅಂಗೈ ಇಡಬೇಕು. ಜ್ವರ ಬಂದ ಮಗುವಿನ ಹಣೆಯಂತೆ ಸುಟ್ಟರೆ ನಾಳೆ ಸೌದೆ ಕಡಿಮೆ. ಬರೀ ಬೆಚ್ಚಗಿದ್ದರೆ ಚಿಂತೆಯಿಲ್ಲ. ಅಂದಿನಿಂದ ಒಂದು ದಿನವೂ ಅಂಗೈ ಇಡದೆ ನಾನು ಊಟಕ್ಕೆ ಕೂತವನಲ್ಲ. ಈ ಬೇಕರಿಯಲ್ಲಿ ಎಲ್ಲರೂ ಹಾಗೆಯೇ. ಹಿಟ್ಟು ನಾದುವವನೂ ಮೇಲೆ ಬಂದರೆ ಕೈ ಇಟ್ಟೇ ಹೋಗುತ್ತಾನೆ.

ಇಷ್ಟು ವರ್ಷ ಬೆಚ್ಚಗಿದ್ದ ತೊಲೆ ಈಗ ಕಲ್ಲಿನ ಹಾಗಿದೆ. ಕೆಳಗೆ ಅದೇ ಭಟ್ಟಿ, ಅದೇ ಸೌದೆ. ಬೇಕರಿಯ ಯಜಮಾನ್ತಿಗೆ ಹೇಳಿದೆ. ಆಕೆ ಬನ್ನಿಗೆ ಎಣ್ಣೆ ಸವರುತ್ತಾ ತಲೆ ಕೂಡ ಎತ್ತಲಿಲ್ಲ.

"ಬಿಸಿಯಿದ್ರೆ ಬೆಂಕಿ ಅಂತೀಯ, ತಣ್ಣಗಿದ್ರೆ ನೆಗಡಿ ಅಂತೀಯ. ಗಾಬರಿ ಅಣ್ಣ, ನಿನಗೋಸ್ಕರ ಇಡೀ ಪ್ರಪಂಚನೇ ಉಗುರುಬೆಚ್ಚಗೆ ಮಾಡ್ಬೇಕಲ್ಲಪ್ಪ."

ಹಿಟ್ಟಿನವನು ಮೂರು ದಿನ ಅದನ್ನೇ ಹೇಳಿಕೊಂಡು ನಕ್ಕ. ನಗಲಿ. ಮಗು ಆ ತಣ್ಣನೆಯ ನೆಲದ ಮೇಲೆ ಮಲಗುತ್ತಾಳೆ. ಏನು ಮಾಡಲಿ ಹೇಳು. ಫೋನಿನಲ್ಲಿ ಕೇಳಿದರೆ ನೀನು ಹೂಂ ಹೂಂ ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಪೂರ್ತಿ ಓದಲೇಬೇಕು.

ನಿನ್ನ ದಾರಿ ನೋಡುತ್ತಿರುವ,
ಅಪ್ಪ


ಅಕ್ಟೋಬರ್ 14

ಅಪ್ಪ,

ನಕ್ಕಿಲ್ಲ. ಮೀನಿನವನ ಮಾತಿಗೆ ಮಾತ್ರ ಒಂದಿಷ್ಟು.

ಹೋದ ಸಲ ನೀನು ಹಿಟ್ಟಿನ ಮೂಟೆಯಲ್ಲಿ ಹಲ್ಲಿ ಬಿದ್ದಿರಬಹುದು ಎಂದು ಮೂಟೆಯನ್ನೆಲ್ಲ ಜರಡಿ ಹಿಡಿಸಿದೆ. ಅದಕ್ಕೂ ಮುಂಚೆ ಊರಿನ ಹಳ್ಳದ ಸೇತುವೆಯ ಕಂಬ ವಾಲಿದೆ ಎಂದು ನನ್ನನ್ನು ಸುತ್ತು ದಾರಿಯಲ್ಲಿ ನಡೆಸಿದೆ. ಕಂಬ ಈಗಲೂ ನಿಂತಿದೆ. ಈಗ ಬಿಸಿಯಾಗದ ನೆಲ. ಅಪ್ಪ, ಬೇಸಿಗೆಯಲ್ಲಿ ಹೊಗೆ ಕೊಳವೆ ಕೆರೆದು ಮಸಿ ತೆಗೆಸಿದೆವು ಅಂದಿದ್ದೆಯಲ್ಲ, ಅದಕ್ಕೇ ಶಾಖ ಎಲ್ಲೂ ನಿಲ್ಲದೆ ಮೇಲಕ್ಕೆ ಹೋಗುತ್ತಿರಬೇಕು. ತೊಲೆ ತಣ್ಣಗಿದೆ ಅಂದರೆ ನೆಮ್ಮದಿ. ಮಗುವಿಗೆ ಚಳಿಯಾದರೆ ಹಾಸಿಗೆಯ ಮೇಲೆ ಇನ್ನೊಂದು ಹಾಸಿಗೆ ಹಾಕು, ಕಾಲುಚೀಲ ತೊಡಿಸು, ಮುಗಿಯಿತು.

ಇಲ್ಲಿಯ ಕೆಲಸ ಹಿಡಿಸಿದೆ. ಒಂದೊಂದು ಮನೆಯಷ್ಟು ದೊಡ್ಡ ಗೂಡುಗಳು. ಹಸಿ ಹಲಗೆಗಳನ್ನು ನಡುವೆ ಗಾಳಿ ಆಡುವಂತೆ ಪೇರಿಸಿ, ಬಾಗಿಲು ಮುಚ್ಚಿ, ಬಿಸಿಗಾಳಿ ಬಿಡುತ್ತೇವೆ. ನನಗೆ ಕಲಿಸುವವಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ. ಹಲಗೆಯನ್ನು ಎತ್ತಿ ಇಳಿಸಿದರೆ ಸಾಕು, ಇದರೊಳಗೆ ನೀರೆಷ್ಟು ಅಂತ ಹೇಳಿಬಿಡುತ್ತಾಳೆ. ಆಮೇಲೆ ಮೀಟರ್ ಇಟ್ಟು ನೋಡಿ, ತಪ್ಪಾಗಿದ್ದರೆ ಮೀಟರಿಗೆ ಬೈಯುತ್ತಾಳೆ.

ನಿನ್ನ ಕಾಗದಕ್ಕೆ ಉತ್ತರ ತಡವಾದರೆ ಅದಕ್ಕೂ ಗಾಬರಿಯಾಗಬೇಡ. ನಮ್ಮಿಬ್ಬರ ಊರಿನ ನಡುವಿನ ಹೊಳೆ ಏರಿದಾಗ ದೋಣಿ ನಿಲ್ಲಿಸುತ್ತಾರೆ. ಟಪಾಲು ಮಾತ್ರ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಈಚೆಯಿಂದ ಆಚೆಗೆ ಜಾರುತ್ತದೆ. ಜನ ಆ ಬುಟ್ಟಿಯಲ್ಲಿ ಹಿಡಿಸುವುದಿಲ್ಲ.

ಮೆಣಸಿಗೆ ಮುತ್ತು. ಕನಸಿನ ವಿಷಯ ಅವಳಿಗೆ ಹೇಳಬೇಡ.

ನಿನ್ನ
ಮಗಳು


ನವೆಂಬರ್ 2

ಮಗಳಿಗೆ,

ನೀನು ಹೇಳಿದಂತೆ ಮಾಡಿದೆ. ನನ್ನ ಹಾಸಿಗೆಯನ್ನೂ ಅವಳದರ ಕೆಳಗೆ ಹಾಕಿ, ಎರಡನ್ನೂ ಕೊಳವೆಯ ಹತ್ತಿರಕ್ಕೆ, ತೊಲೆಯ ಮೇಲೆ ಎಳೆದುಬಿಟ್ಟೆ. ಇದ್ದಬದ್ದ ಬಿಸಿ ಅಲ್ಲೇ ತಾನೇ ಇರಬೇಕು. ಅಷ್ಟಕ್ಕೂ ಸಮಾಧಾನವಾಗದೆ ಭಟ್ಟಿಗೆ ದಿನಾ ಒಂದೆರಡು ದಪ್ಪ ಕೊರಡು ಹೆಚ್ಚು ಹಾಕುತ್ತಿದ್ದೇನೆ. ಯಜಮಾನ್ತಿ ಕೇಳಿದರೆ ಸೌದೆ ಹಸಿ ಇದೆ ಅನ್ನುತ್ತೇನೆ. ಕೊಳವೆ ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾಯುತ್ತದೆ, ಮಗುವಿಗೆ ತಾಗದಿರಲೆಂದು ಸುತ್ತ ತಂತಿಯ ಬಲೆ ಕಟ್ಟಿದ್ದೇನೆ. ಆದರೂ ತೊಲೆಯ ಮೇಲೆ ಅಂಗೈ ಇಟ್ಟರೆ ಅದೇ ತಣ್ಣಗೆ. ಹೊರಗೆ ಚಳಿ ಹೆಚ್ಚಾದಂತೆ ಇನ್ನೂ ತಣ್ಣಗೆ.

ಒಂದು ವಿಷಯ ಹಿಂದೆ ಬರೆದಿರಲಿಲ್ಲ, ನೀನು ರೇಗುತ್ತೀಯ ಎಂದು. ಮಹಡಿಯ ಬಚ್ಚಲಿನ ನೀರು ವರ್ಷಗಟ್ಟಲೆ ಆ ತೊಲೆಗೆ ಜಿನುಗುತ್ತಿತ್ತಲ್ಲ. ಈ ಬೇಸಿಗೆಯಲ್ಲಿ ಮನೆ ಮಾಲೀಕರು ಕೊನೆಗೂ ಕೊಳಾಯಿ ಬದಲಾಯಿಸಿದರು. ಆಗ ಹಲಗೆ ಎತ್ತಿದಾಗ ತೊಲೆಯ ಮಗ್ಗುಲಿಗೆ ಬೀಸಣಿಗೆಯ ಆಕಾರದಲ್ಲಿ ಕಂದು ಬಣ್ಣದ ಬೂಷ್ಟು ಅಂಟಿಕೊಂಡಿತ್ತು. ದಪ್ಪಗೆ, ಚರ್ಮದ ಹಾಗೆ. ಕೆರೆದು ಎಸೆದೆವು. ನೀರು ನಿಂತಿತು, ತೊಲೆ ಒಣಗಿತು. ಒಳ್ಳೆಯದೇ ಆಯಿತು ಎಂದುಕೊಂಡೆ. ಈಗ ಲೆಕ್ಕ ಹಾಕಿದರೆ, ತೊಲೆ ತಣ್ಣಗಾಗಿದ್ದೂ ಅದು ಒಣಗಿದ ಮೇಲೆಯೇ. ತೇವವಿದ್ದಾಗ ಬೆಚ್ಚಗಿತ್ತು, ಒಣಗಿದ ಮೇಲೆ ತಣ್ಣಗಾಯಿತು. ಇದು ತಿರುಗುಮುರುಗಾಗಿಲ್ಲವೇ? ಒದ್ದೆ ಬಟ್ಟೆ ತಣ್ಣಗಿರುತ್ತದೆ, ಒಣ ಬಟ್ಟೆ ಬೆಚ್ಚಗಿರುತ್ತದೆ, ನಾನು ಶಾಲೆ ಬಿಟ್ಟವನಾದರೂ ಅಷ್ಟು ಗೊತ್ತು.

ಮೊನ್ನೆ ಮೆಣಸು ತೊಲೆಯ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು. "ತಾತ, ಈ ಬಿಸ್ಕತ್ತು ಚೆನ್ನಾಗಿ ಬೆಂದಿದೆ" ಅಂದಳು. ನೋಡಿದರೆ ಹೌದು. ಮರ ಉದ್ದಕ್ಕೂ ಅಡ್ಡಕ್ಕೂ ಬಿರಿದು ಚೌಕ ಚೌಕವಾಗಿದೆ, ಕತ್ತರಿಸಿಟ್ಟ ಬಿಸ್ಕತ್ತಿನ ಹಾಗೆ. ಬೆರಳಲ್ಲಿ ಒತ್ತಿದರೆ ಪುಡಿ. ಕೈಗೆತ್ತಿಕೊಂಡರೆ ಭಾರವೇ ಇಲ್ಲ.

ಬಡಗಿಯನ್ನು ಕರೆಸಿದೆ. ಆತ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಮೇಲ್ಮೈ ಕೊಳೆತು ಕುಂಬಾಗಿದೆ, ಒಳಗೆ ಇನ್ನೂ ಗಟ್ಟಿಯಿದೆ, ನೀನೂ ನಿನ್ನ ಮೊಮ್ಮಗಳೂ ಕುಣಿದರೂ ಬೀಳುವುದಿಲ್ಲ ಎಂದ. ಒಣಗಿದ ಮೇಲೆ ಬೂಷ್ಟು ಹರಡುವುದಿಲ್ಲವಂತೆ. ಚಳಿಗಾಲ ಕಳೆದ ಮೇಲೆ ಬದಲಾಯಿಸೋಣ ಎಂದು ಚಹಾ ಕುಡಿದು ಹೋದ. ಆತನೂ ಹೋಗುವಾಗ ತೊಲೆಗೆ ಅಂಗೈ ಇಟ್ಟ. ತಣ್ಣಗಿದೆಯಲ್ಲ, ಇನ್ನೇನು, ಅಂದ.

ಬೀಳುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಬೀಳುವ ಭಯವಲ್ಲ. ಏನು ಭಯ ಎಂದರೆ ಹೇಳಲು ಬರುತ್ತಿಲ್ಲ. ಅದರ ಒಂದು ಚೂರನ್ನು ಕಾಗದದಲ್ಲಿ ಮಡಿಸಿ ಕಳಿಸಿದ್ದೇನೆ. ನಿನ್ನ ದೊಡ್ಡಕ್ಕನಿಗೆ ತೋರಿಸು. ಮರ ಯಾಕೆ ಹೀಗೆ ತಣ್ಣಗಾಗುತ್ತದೆ ಎಂದು ಕೇಳು.

ಮಗುವಿಗೆ ಕೆಮ್ಮು ಒಂದೆರಡು ಸಲ. ಹೆಚ್ಚೇನಿಲ್ಲ. ಇದ್ದರೂ ನಾನಿದ್ದೇನೆ.

ನಿನ್ನ
ಅಪ್ಪ


ನವೆಂಬರ್ 20

ಮಗಳಿಗೆ,

ಉತ್ತರ ಬರಲಿಲ್ಲ. ಹೊಳೆ ಏರಿರಬೇಕು. ನಾನು ಗಾಬರಿಯಾಗಿಲ್ಲ.

ನಿಜವಾಗಿಯೂ ಆಗಿಲ್ಲ. ಇದು ಬೇರೆ ಥರದ ಕಾಗದ. ಮಗುವಿನ ಕೆಮ್ಮು ನಿಂತಿದೆ. ಕೆನ್ನೆ ತುಂಬಿಕೊಂಡಿದೆ. ಮಧ್ಯಾಹ್ನ ಬೆಚ್ಚಗೆ ಎರಡು ಹಾಸಿಗೆಯ ಮೇಲೆ ಮಲಗಿದರೆ ಯಜಮಾನ್ತಿಯ ಗಂಟಲಿಗೂ ಏಳುವುದಿಲ್ಲ. ಆಸ್ಪತ್ರೆಯ ಅಡುಗೆಮನೆಯಿಂದ ಬ್ರೆಡ್ಡಿನ ಗುತ್ತಿಗೆ ಸಿಕ್ಕಿದೆ, ಭಟ್ಟಿ ಈಗ ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ಉರಿಯುತ್ತದೆ. ಇಷ್ಟು ಉರಿಸಿದರೆ ತೊಲೆ ಏನಾಗುತ್ತದೋ ಎಂದು ಮೊದಲ ದಿನ ಹತ್ತು ಸಲ ಮೆಟ್ಟಿಲು ಹತ್ತಿ ಹತ್ತಿ ಅಂಗೈ ಇಟ್ಟೆ. ತಣ್ಣಗಿತ್ತು. ಪ್ರತಿ ಸಲವೂ ತಣ್ಣಗಿತ್ತು. ಆಮೇಲೆ ನನಗೇ ನಾಚಿಕೆಯಾಯಿತು. ಇಷ್ಟು ಬೆಂಕಿಗೂ ಜಗ್ಗದ ತೊಲೆಗೆ ನಾನೇಕೆ ಹೆದರಲಿ.

ಹಿಟ್ಟಿನವನು ನನ್ನ ಮುಖ ನೋಡಿ, "ಏನಣ್ಣ, ಹುಷಾರಿಲ್ವಾ? ಇವತ್ತು ಏನೋ ಆಗುತ್ತೆ ಅಂತ ಒಂದ್ಸಲನೂ ಅಂದಿಲ್ಲ" ಎಂದ.

ಬೇಕರಿಯಲ್ಲಿ ಯಾವಾಗಲೂ ಸುಟ್ಟ ವಾಸನೆ ಇದ್ದೇ ಇರುತ್ತದೆ. ಈಗ ಕೋಣೆಯಲ್ಲೂ ಒಂಚೂರು ಬರುತ್ತಿದೆ, ಸಕ್ಕರೆ ಪಾಕ ಹೊತ್ತಿದ ಹಾಗೆ. ಕೆಲಸ ಹೆಚ್ಚಾದರೆ ವಾಸನೆಯೂ ಹೆಚ್ಚು. ನೀನು ಆರಾಮವಾಗಿ ಕೆಲಸ ಕಲಿ. ನಾನು ಈಚೆಗೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ.

ನಿನ್ನ
ಅಪ್ಪ


ನವೆಂಬರ್ 27

ಅಪ್ಪ,

ಫೋನಿನಲ್ಲಿ ಯಜಮಾನ್ತಿಯ ಹತ್ತಿರ ಕಿರುಚಿದೆ. ಆಕೆಗೆ ಏನು ಕೇಳಿಸಿತೋ ಗೊತ್ತಿಲ್ಲ. 'ಆಯ್ತಮ್ಮ, ಈ ಟ್ರೇ ಇಳಿಸಿ ನೋಡ್ತೀನಿ' ಅನ್ನುವಷ್ಟರಲ್ಲಿ ಲೈನ್ ಸತ್ತಿತು. ಆಮೇಲೆ ಸಿಗಲೇ ಇಲ್ಲ. ದೋಣಿ ನಿಂತಿದೆ. ದಡಕ್ಕೆ ಹೋಗಿ ನಿಂತು ಬಂದೆ, ನೀರು ಮರದ ದಿಮ್ಮಿಗಳನ್ನೇ ಕಡ್ಡಿಯಂತೆ ಎಳೆದುಕೊಂಡು ಹೋಗುತ್ತಿದೆ. ಈ ಕಾಗದವನ್ನು ಬುಟ್ಟಿಗೆ ಹಾಕುತ್ತೇನೆ. ಇದು ತಲುಪುವ ಹೊತ್ತಿಗೆ ಭಟ್ಟಿ ಆರಿರಲಿ. ಆರಿಲ್ಲದಿದ್ದರೆ ಮುಂದೆ ಓದಬೇಡ, ಮೊದಲು ಮಗುವನ್ನು ಎತ್ತಿಕೊಂಡು ಕೆಳಗೆ ಹೋಗು. ಹಾಸಿಗೆ, ಬಟ್ಟೆ ಏನೂ ಬೇಡ. ಮಗು ಒಂದೇ.

ನೀನು ಕಳಿಸಿದ ಚೂರು ಕಿಟಕಿಯ ಮೇಲೆ ಬಿದ್ದಿತ್ತು. ಅಪ್ಪನ ಇನ್ನೊಂದು ಚಿಂತೆ ಎಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ನಿನ್ನ ಹೆದರಿಕೆಯಿಲ್ಲದ ಕಾಗದ ಬಂತು. ಹುಟ್ಟಿದಾಗಿನಿಂದ ನೀನು ಹೆದರದೆ ಇದ್ದದ್ದನ್ನು ನಾನು ನೋಡಿಲ್ಲ. ಚೂರನ್ನು ಹಿಡಿದು ದೊಡ್ಡಕ್ಕನ ಹತ್ತಿರ ಓಡಿದೆ.

ಅವಳು ಅಂಗೈಯಲ್ಲಿಟ್ಟು ತೂಗಿದಳು. ಒಳ್ಳೆಯ ಮರದಿಂದ ಅಷ್ಟೇ ದಪ್ಪದ ಚೂರು ಕತ್ತರಿಸಿ, ಎರಡನ್ನೂ ಅಂಟು ಕಾಯಿಸುವ ಕಬ್ಬಿಣದ ತಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು ಶಾಖ ಏರಿಸಿದಳು. ಸ್ವಲ್ಪ ಹೊತ್ತು ಬಿಟ್ಟು, ಮೇಲಿನಿಂದ ಮುಟ್ಟು ಅಂದಳು. ಒಳ್ಳೆಯ ಮರದ ನೆತ್ತಿ ಬೆರಳಿಗೆ ಚುರುಕ್ಕೆಂದಿತು. ನಿನ್ನ ಚೂರಿನ ನೆತ್ತಿಯಲ್ಲಿ ಬೆರಳನ್ನು ಹಾಗೇ ಇಟ್ಟುಕೊಳ್ಳಬಹುದಿತ್ತು. ಆಮೇಲೆ ಎರಡನ್ನೂ ಇಕ್ಕಳದಲ್ಲಿ ಮಗುಚಿದಳು. ಒಳ್ಳೆಯ ಮರದ ತಳ ಕಂದಿತ್ತು, ಅಷ್ಟೇ. ನಿನ್ನ ಚೂರಿನ ತಳ ಕರಿಕಾಗಿ, ಅದರ ಅಂಚಿನಲ್ಲಿ ಕೆಂಪು ಗೆರೆ ತೆವಳುತ್ತಿತ್ತು. ಉರಿ ಇಲ್ಲ. ಹೊಗೆಯೂ ಕಣ್ಣಿಗೆ ಕಾಣುವಷ್ಟಿಲ್ಲ. ತಟ್ಟೆಯಿಂದ ತೆಗೆದ ಮೇಲೂ ಅದು ತೆವಳುತ್ತಲೇ ಇತ್ತು. ನೆತ್ತಿಯ ತನಕ ತಿಂದು ಬೂದಿಯಾಗಿ ಬಿತ್ತು.

ದೊಡ್ಡಕ್ಕ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಬೂಷ್ಟು ಮರದ ತಿರುಳನ್ನು ತಿಂದು ಆ ಜಾಗದಲ್ಲಿ ಗಾಳಿ ಬಿಟ್ಟು ಹೋಗುತ್ತದೆ. ಶಾಖ ದಾಟುವುದು ಗಟ್ಟಿ ಮರದಲ್ಲಿ. ಗಾಳಿ ತುಂಬಿದ ಮರದಲ್ಲಿ ಅದು ದಾಟಲಾರದೆ, ಬಂದ ಕಡೆಯೇ ನಿಲ್ಲುತ್ತದೆ. ಮರದಲ್ಲಿ ತಿರುಳೇ ಕಡಿಮೆಯಾದ್ದರಿಂದ ಅಷ್ಟು ಶಾಖಕ್ಕೇ ಆ ಮಗ್ಗುಲು ಬೇಗ ಕಾದುಬಿಡುತ್ತದೆ. ನೀರು ಜಿನುಗುತ್ತಿದ್ದಾಗ ಆ ಸಂದುಗಳಲ್ಲಿ ನೀರಿತ್ತು, ನೀರು ಶಾಖವನ್ನು ನಿನ್ನ ಅಂಗೈವರೆಗೆ ತರುತ್ತಿತ್ತು. ನೀರು ಒಣಗಿತು. ಈಗ ಕೊಳವೆಯ ಬಿಸಿಯೆಲ್ಲ ಕೊಳವೆಯ ಕಡೆಯ ಮಗ್ಗುಲಲ್ಲೇ ಕೂತಿದೆ. ಇನ್ನೊಂದು ಮಾತು ಹೇಳಿದಳು: ಅಂಥ ಮರ ಕಾದಿದ್ದರೂ ಮುಟ್ಟಿದರೆ ತಿಳಿಯುವುದಿಲ್ಲ, ಕೈಗೆ ದಾಟಿಸುವಷ್ಟು ಬಿಸಿ ಅದರ ಮೈಯಲ್ಲಿರುವುದಿಲ್ಲ.

ತೊಲೆ ತಣ್ಣಗಿದೆ ಅಂದರೆ ನೆಮ್ಮದಿ ಎಂದು ಬರೆದವಳು ನಾನು. ಹಾಸಿಗೆಯ ಮೇಲೆ ಹಾಸಿಗೆ ಹಾಕು ಎಂದವಳೂ ನಾನೇ.

ಯಜಮಾನ್ತಿಗೆ ಕೊನೆಗೆ ಹೇಳಿದ್ದು ಒಂದೇ ಮಾತು. ಅಪ್ಪನಿಗೆ ಹೇಳಿ, ಕೈಯನ್ನ ನಂಬಬೇಡ ಅಂತ.

ಅಪ್ಪ, ಮಗುವನ್ನು ಕೆಳಗೆ ಕರೆದುಕೊಂಡು ಹೋಗು.

ಮಗಳು


ನವೆಂಬರ್ 29

ಮಗಳಿಗೆ,

ಮೊದಲು ಇದನ್ನು ಓದು: ಮಗು ಚೆನ್ನಾಗಿದ್ದಾಳೆ. ಯಜಮಾನ್ತಿಯ ಮನೆಯ ಹಿಂದಿನ ಕೋಣೆಯಲ್ಲಿ ಹಿಟ್ಟಿನ ಮೂಟೆಗಳ ಮೇಲೆ ಹತ್ತಿ ಇಳಿಯುತ್ತಿದ್ದಾಳೆ. ತಲೆಯೆಲ್ಲ ಬಿಳಿ. ಇನ್ನು ಉಳಿದದ್ದನ್ನು ನಿಧಾನವಾಗಿ ಓದು.

ನಿನ್ನ ಕಾಗದ ಇನ್ನೂ ಬಂದಿಲ್ಲ. ಫೋನ್ ಬಂದದ್ದು ಮೊನ್ನೆ ಮಧ್ಯಾಹ್ನ, ಎರಡನೆಯ ಸುತ್ತಿನ ಬ್ರೆಡ್ ಒಳಗಿದ್ದಾಗ. ಯಜಮಾನ್ತಿ ಟ್ರೇ ಇಳಿಸಿಯೇ ಬಂದರು. ಮಗಳಿಗೂ ನಿನ್ನ ಕಾಯಿಲೆ ಅಂಟಿದೆ, ತೊಲೆ ಬಿಚ್ಚಿ ನೋಡಬೇಕಂತೆ ಎಂದು ಗೊಣಗುತ್ತಾ ನನ್ನ ಜೊತೆ ಮೆಟ್ಟಿಲು ಹತ್ತಿದರು. ಮೆಣಸು ಹಾಸಿಗೆಯ ಮೇಲೆ ಅಂಗಾತ ಮಲಗಿ ನಿದ್ದೆಯಲ್ಲಿದ್ದಳು. ನಾನು ಹಾಸಿಗೆಯ ಅಂಚು ಮಡಿಸಿ ತೊಲೆಯ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಯಜಮಾನ್ತಿಯೂ ಇಟ್ಟರು. ತಣ್ಣಗಿತ್ತು. ಮಗಳೇ, 'ಏನೂ ಇಲ್ಲ ಬನ್ನಿ, ಕೆಳಗೆ ಹೋಗೋಣ' ಎಂದು ನಾನೇ ಹೇಳುವವನಿದ್ದೆ. ಬಾಯಿ ತೆರೆದಿದ್ದೆ.

ಆಗ ಯಜಮಾನ್ತಿ ಅಂದರು, "ಇನ್ನೂ ಒಂದು ಹೇಳಿದ್ಲಪ್ಪ. ಅಪ್ಪನಿಗೆ ಹೇಳಿ, ಕೈಯನ್ನ ನಂಬಬೇಡ ಅಂತ."

ಮೂವತ್ತು ವರ್ಷದಿಂದ ನಾನು ನಂಬಿದ್ದು ಈ ಕೈಯೊಂದನ್ನೇ. ಕಣ್ಣು ಮಂಜಾಗಿದೆ, ಆದರೆ ಭಟ್ಟಿಯ ಬಾಯಿಗೆ ಕೈ ಒಡ್ಡಿದರೆ ಯಾವ ಬ್ರೆಡ್ಡಿಗೆ ಎಷ್ಟು ಹೊತ್ತು ಎಂದು ಕೈ ಹೇಳುತ್ತದೆ. ಅದನ್ನೇ ನಂಬಬೇಡ ಎಂದರೆ ಇನ್ನು ನಾನೇನು ಉಳಿದೆ. ಆದರೂ ಮಗುವನ್ನು ಎತ್ತಿಕೊಂಡೆ. ಯಜಮಾನ್ತಿ ಹಿಟ್ಟಿನವನನ್ನು ಕೂಗಿದರು. ಅವನು ಭಟ್ಟಿ ಕೆದಕುವ ಸಲಾಕೆ ತಂದು, ಕೊಳವೆಯ ಪಕ್ಕದ ಹಲಗೆಯ ಸಂದಿಗೆ ತೂರಿಸಿ ಮೀಟಿದ.

ಹಲಗೆ ಎದ್ದಾಗ ಮೊದಲು ಏನೂ ಕಾಣಲಿಲ್ಲ. ಕತ್ತಲೆ. ತೊಲೆಯ ಕೊಳವೆಯ ಕಡೆಯ ಮಗ್ಗುಲು ಇರಬೇಕಾದ ಜಾಗದಲ್ಲಿ ಒಂದು ಗುಳಿ. ಅಲ್ಲಿ ಮರವೇ ಇಲ್ಲ. ಮೇಲೆ ನಾವು ಕೈಯಿಡುತ್ತಿದ್ದದ್ದು ಒಂದು ಸಿಪ್ಪೆಯ ಮೇಲೆ. ಹಿಟ್ಟಿನವನು ಬಗ್ಗಿ, ಇದೇನಣ್ಣ ಇದು ಬರೀ ಇದ್ದಿಲು ಅಂದ. ಅಷ್ಟರಲ್ಲಿ ಹೊರಗಿನ ಗಾಳಿ ಒಳಗೆ ಹೋಗಿರಬೇಕು. ಆ ಕಪ್ಪೆಲ್ಲ ಒಂದೊಂದಾಗಿ ಕಣ್ಣು ಬಿಟ್ಟಿತು. ಚೌಕ ಚೌಕದ ಬಿರುಕುಗಳಲ್ಲೆಲ್ಲ ಕೆಂಪು. ಸದ್ದಿಲ್ಲ, ಉರಿಯಿಲ್ಲ. ಉಸಿರಾಡುವ ಹಾಗೆ ಕೆಂಪಾಗುತ್ತದೆ, ಮಂಕಾಗುತ್ತದೆ, ಮತ್ತೆ ಕೆಂಪಾಗುತ್ತದೆ. ಅದರ ಮೇಲೆ ಎರಡು ಹಾಸಿಗೆ. ಹಾಸಿಗೆಯ ಮೇಲೆ ಮಗು. ಎಷ್ಟು ದಿನದಿಂದ ಎಂದು ಯಾರಿಗೆ ಗೊತ್ತು.

ನನ್ನ ಹೆಗಲ ಮೇಲೆ ಎಚ್ಚರಾದ ಮೆಣಸು ಬಗ್ಗಿ ನೋಡಿ, "ತಾತ, ಎಷ್ಟೊಂದು ಕೆಂಪಿರುವೆ" ಅಂದಳು.

ಹೇಗೆ ಮೆಟ್ಟಿಲು ಇಳಿದೆನೋ ಗೊತ್ತಿಲ್ಲ. ಅವಳನ್ನು ಬೀದಿಯಾಚೆಗೆ ಕೊಂಡೊಯ್ದು ಅಲ್ಲೊಂದು ಕಲ್ಲಿನ ಮೇಲೆ ಕೂತೆ. ಹಿಟ್ಟು ಕಲಸುವ ಬಕೆಟ್ಟುಗಳಲ್ಲೇ ನೀರು ಹೊತ್ತು ಹಾಕಿದರಂತೆ. ಭುಸ್ಸೆಂದ ಆವಿ ಕಿಟಕಿಯಿಂದ ಬೀದಿಗೆ ಬಂತು. ಭಟ್ಟಿಯ ಬೆಂಕಿಯನ್ನೆಲ್ಲ ಎಳೆದು ಅಂಗಳದಲ್ಲಿ ಆರಿಸಿದರು. ಒಳಗಿದ್ದ ಬ್ರೆಡ್ಡೆಲ್ಲ ಅರ್ಧ ಬೆಂದು ಕುಸಿಯಿತು. ಯಜಮಾನ್ತಿ ನನ್ನ ಪಕ್ಕ ಕಲ್ಲಿನ ಮೇಲೆ ಬಂದು ಕೂತು, ಮಗುವಿನ ಪಾದ ಹಿಡಿದುಕೊಂಡರು, ಅಷ್ಟೇ.

ಮರುದಿನ ಬಡಗಿ ಬಂದು ತೊಲೆಯನ್ನು ಗೋಡೆಯವರೆಗೂ ಕತ್ತರಿಸಿ ತೆಗೆದ. ಆ ಜಾಗಕ್ಕೆ ಕಬ್ಬಿಣ ಕೂರಿಸುತ್ತಾನಂತೆ. ಆತ ಈಗ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಪಾಪ, ಆತನದೇನು ತಪ್ಪು, ಬೀಳುತ್ತದೆಯೇ ಎಂದು ಕೇಳಿದ್ದಕ್ಕೆ ಬೀಳುವುದಿಲ್ಲ ಎಂದ. ಬಿದ್ದಿಲ್ಲವಲ್ಲ.

ಎಲ್ಲ ಮುಗಿಯಿತು ಎನ್ನುತ್ತಿದ್ದಾರೆ. ತೊಲೆಯ ಕೊನೆಯ ತುಂಡು ಮಾತ್ರ ಗೋಡೆಯೊಳಗೆ ಹೂತಿರುವುದು ಹಾಗೇ ಉಳಿದಿದೆ. ಅದನ್ನು ಕಿತ್ತರೆ ಗೋಡೆ ಸಡಿಲವಾಗುತ್ತದಂತೆ. ಅದರ ಆಚೆ ಟೈಲರ್ ಮನೆ. ಬಟ್ಟೆ ಪೇರಿಸಿಟ್ಟಿರುವುದು ಆ ಗೋಡೆಗೇ. ನಿನ್ನ ದೊಡ್ಡಕ್ಕನನ್ನು ಕೇಳು, ಅಂಥ ತುಂಡು ಇದ್ದರೆ ಭಯವೇ ಎಂದು.

ನಿನ್ನ
ಅಪ್ಪ


ಡಿಸೆಂಬರ್ 2

ಅಪ್ಪ,

ನಿನ್ನ ಕಾಗದದ ಮೊದಲ ಸಾಲು ಓದಿ ಅಲ್ಲೇ ಬುಟ್ಟಿಯ ಹಗ್ಗದ ಕೆಳಗೆ ಕೂತುಬಿಟ್ಟೆ. ಟಪಾಲಿನವನು ನೀರು ಕೊಟ್ಟ. ಉಳಿದದ್ದನ್ನು ದೊಡ್ಡಕ್ಕ ಓದಿ ಹೇಳಿದಳು. ಕೆಂಪಿರುವೆ ಎಂಬ ಕಡೆ ಅವಳೂ ನಿಲ್ಲಿಸಿದಳು.

ಗೋಡೆಯೊಳಗಿನ ತುಂಡಿನ ಬಗ್ಗೆ ಕೇಳಿದೆ. ಅಷ್ಟು ನೀರು ಹಾಕಿದ ಮೇಲೆ ಇನ್ನು ಭಯವಿಲ್ಲ, ನೆನೆದ ಮರದಲ್ಲಿ ಕೆಂಡ ತೆವಳುವುದಿಲ್ಲ ಎಂದಳು. ಆದ್ದರಿಂದ ಅದೊಂದನ್ನು ತಲೆಯಿಂದ ತೆಗೆದುಹಾಕು. ಹೊಳೆ ಇಳಿಯುತ್ತಿದೆ. ದೋಣಿ ಬಿಟ್ಟ ದಿನವೇ ಹೊರಡುತ್ತೇನೆ. ಅಲ್ಲಿಯವರೆಗೆ ಮಗು ಆ ಮೂಟೆಗಳ ಕೋಣೆಯಲ್ಲೇ ಇರಲಿ.

ನಿನ್ನ ಕೈಯ ಬಗ್ಗೆ ಬರೆದಿದ್ದೆಯಲ್ಲ. ಕೈ ಸುಳ್ಳು ಹೇಳಲಿಲ್ಲ ಅಪ್ಪ. ಮರ ತನಗೆ ತಿಳಿದದ್ದನ್ನು ಕೈಗೆ ಹೇಳಲಿಲ್ಲ, ಅಷ್ಟೇ.

ನಿದ್ದೆ ಮಾಡು.

ಮಗಳು


ಡಿಸೆಂಬರ್ 5

ಮಗಳಿಗೆ,

ಕಾಗದ ಬಂತು. ಯಜಮಾನ್ತಿಗೆ ಓದಿ ಹೇಳಿದೆ. ಆಕೆಗೆ ಬಹಳ ಸಮಾಧಾನವಾಯಿತು. ಟೈಲರಿಗೂ ಹಿತ್ತಲ ಗೋಡೆಯ ಮೇಲಿನಿಂದ ಕೂಗಿ ಹೇಳಿದರು. ಆತ ನಕ್ಕು, ಹಾಗಾದ್ರೆ ಗಾಬರಿ ಅಣ್ಣನಿಗೆ ಇನ್ನು ಕೆಲಸ ಇಲ್ಲ ಎಂದ. ಆತನ ಹೆಂಡತಿ ಬಾಣಂತಿ, ಕೂಸಿನ ತೊಟ್ಟಿಲು ಆ ಗೋಡೆಯ ಹತ್ತಿರವೇ ಇದೆ ಎಂದು ಆಗ ನನಗೆ ತಿಳಿಯಿತು.

ಕಬ್ಬಿಣ ಕೂರಿಸಿದ್ದಾಯಿತು. ಗಾರೆ ಮೆತ್ತಿದ್ದಾಯಿತು. ಕೊಳವೆಯ ಸುತ್ತ ಇಟ್ಟಿಗೆ ಕಟ್ಟಿದ್ದಾರೆ, ಹತ್ತಿರದಲ್ಲಿ ಎಲ್ಲೂ ಮರವಿಲ್ಲ. ಆಸ್ಪತ್ರೆಯವರು ಬ್ರೆಡ್ ಕೇಳುತ್ತಿದ್ದಾರೆ, ಸೋಮವಾರ ಭಟ್ಟಿ ಹಚ್ಚಬೇಕೆಂದು ಯಜಮಾನ್ತಿ ಹೇಳಿದ್ದಾರೆ. ನಾನು ಹೂಂ ಎಂದಿದ್ದೇನೆ. ಹಚ್ಚುವವನು ನಾನೇ ತಾನೇ. ಮೆಣಸು ತನ್ನ ಕೋಣೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ, ಇಲ್ಲಿ ಮೂಟೆಗಳು ರಾತ್ರಿ ಜರುಗುತ್ತವಂತೆ.

ನಿನ್ನ ಕಾಗದವನ್ನು ನಾನು ಇನ್ನೂ ಓದುತ್ತಿದ್ದೇನೆ. ಅಷ್ಟು ನೀರು ಹಾಕಿದ ಮೇಲೆ, ಎಂದು ದೊಡ್ಡಕ್ಕ ಹೇಳಿದ್ದಾರೆ. ನೆನೆದ ಮರದಲ್ಲಿ, ಎಂದು ಹೇಳಿದ್ದಾರೆ. ಇವತ್ತು ಹಿಟ್ಟಿನವನನ್ನು ಕೂರಿಸಿಕೊಂಡು ಅಂದು ನೀರು ಹಾಕಿದ್ದು ಹೇಗೆ ಎಂದು ಕೇಳಿದೆ. ಅವರು ಕೊಳವೆಯ ಹತ್ತಿರದಿಂದ ಹಾಕಿದ್ದಾರೆ. ನೆಲ ಕಿಟಕಿಯ ಕಡೆಗೆ ಇಳಿಜಾರು, ನಿನಗೆ ಗೊತ್ತು, ಮಗುವಿನ ಗೋಲಿ ಯಾವಾಗಲೂ ಆ ಕಡೆಗೇ ಉರುಳುತ್ತದೆ. ನೀರೆಲ್ಲ ಕಿಟಕಿಯ ಕಡೆಗೆ ಹರಿದು ಬೀದಿಗೆ ಸುರಿಯಿತಂತೆ. ಗೋಡೆ ಇರುವುದು ಇನ್ನೊಂದು ಕಡೆ, ಮೇಲಿನ ಕಡೆ. ಗಾರೆಯವನನ್ನೂ ಕೇಳಿದೆ. ತುಂಡಿನ ಸುತ್ತ ಗಾರೆ ಮೆತ್ತುವಾಗ ಅದು ಒದ್ದೆಯಿತ್ತೇ ಎಂದೆ. ಇಲ್ಲಪ್ಪ, ಒಣಗಿತ್ತು, ಹಿಟ್ಟಿನ ಹಾಗೆ ಪುಡಿ ಉದುರಿ ಕಣ್ಣಿಗೆ ಬಿತ್ತು ಎಂದ.

ಇದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಮತ್ತೆ ಗೋಡೆ ಒಡೆಯಬೇಕು, ದೊಡ್ಡಕ್ಕನ ಮಾತಿಲ್ಲದೆ ಅದಕ್ಕೆ ಯಾರೂ ಒಪ್ಪುವುದಿಲ್ಲ. ಗಾಬರಿ ಅಣ್ಣ ಅನ್ನುತ್ತಾರೆ, ಅನ್ನಲಿ. ನನಗೆ ಈಗ ನಗುವವರ ಭಯವಿಲ್ಲ. ಸಂಜೆ ಟೈಲರ್ ಮನೆಗೆ ಕೂಸನ್ನು ನೋಡುವ ನೆವ ಮಾಡಿಕೊಂಡು ಹೋಗಿ, ತೊಟ್ಟಿಲ ಹಿಂದೆ ಗೋಡೆ ಮುಟ್ಟಿ ಬಂದೆ. ತಣ್ಣಗಿತ್ತು. ಮೊದಲಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ತಣ್ಣಗಿದೆ ಎಂಬುದಕ್ಕೇ ನನ್ನ ಕೈ ಹೆದರುತ್ತದೆ.

ನಾನು ಮಾಡಿದರೆ ಲೈನ್ ಸಿಗುತ್ತಿಲ್ಲ, ಈ ಕಾಗದ ತಲುಪಿದ ಕೂಡಲೇ ನೀನೇ ಯಜಮಾನ್ತಿಗೆ ಫೋನ್ ಮಾಡಿ ನೋಡು. ಫೋನ್ ಸಿಗುವವರೆಗೆ ಸೋಮವಾರವಾದರೂ ಸರಿ, ಮಂಗಳವಾರವಾದರೂ ಸರಿ, ನಾನು ಭಟ್ಟಿಗೆ ಕಡ್ಡಿ ಗೀರುವುದಿಲ್ಲ, ಮಗುವನ್ನು ಮೆಟ್ಟಿಲು ಹತ್ತಲು ಬಿಡುವುದಿಲ್ಲ. ದೊಡ್ಡಕ್ಕನಿಗೆ ತಿಳಿದಿರುವುದು ಇಲ್ಲಿ ನೀರು ಹಾಕಿದರು ಎಂಬುದಷ್ಟೇ. ಆ ನೀರು ಗೋಡೆಯೊಳಗಿನ ತುಂಡಿಗೆ ತಲುಪಿಲ್ಲ ಎಂಬುದನ್ನು ನಾನು ಬರೆದಿರಲಿಲ್ಲ. ಅದನ್ನು ಹೇಳಿ, ಇನ್ನೊಂದು ಸಲ ಕೇಳಿ ನೋಡು.

ನಿನ್ನ
ಅಪ್ಪ